ಯುದ್ಧದ ಕಾಲದಲ್ಲಿ ಜನ ಸಿನಿಮಾಗೆ ಯಾಕೆ ಮುಗಿಬಿದ್ದರು?

ಪ್ರಶ್ನೆ: ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿ, ಸೀಮೆಎಣ್ಣೆಗೇ ಪರದಾಟ ಇತ್ತಂತೆ. ಅಂಥ ಹೊತ್ತಲ್ಲೂ ಕೆಲವು ಸಿನಿಮಾಗಳು ವರ್ಷಗಟ್ಟಲೆ ಓಡಿದವು ಅಂತ ಓದಿದೆ. ಜನಕ್ಕೆ ಅದರಲ್ಲಿ ಅಂಥದ್ದೇನು ಸಿಗುತ್ತಿತ್ತು? ಕಷ್ಟ ಮರೆಯೋಕೆ ಹೋಗ್ತಿದ್ದರು, ಅಷ್ಟೇನಾ?

ಉತ್ತರ: ‘ಮರೆಯೋಕೆ’ ಅಂದುಬಿಟ್ಟರೆ ಒಂದೇ ಮಾತಲ್ಲಿ ಮುಗಿಯುತ್ತದೆ. ಆದರೆ ನನಗೆ ಆ ಉತ್ತರ ಸಾಲದು. ಮರೆಯುವುದಕ್ಕೆ ಯಾವ ಸಿನಿಮಾ ಆದರೂ ಆದೀತು. ಒಂದೇ ಸಿನಿಮಾ, ಒಂದೇ ಥಿಯೇಟರಿನಲ್ಲಿ, ಮೂರು ವರ್ಷಕ್ಕೂ ಜಾಸ್ತಿ ಓಡಬೇಕಾದರೆ ಅದರಲ್ಲಿ ಬೇರೇನೋ ಇರಲೇಬೇಕಲ್ವಾ?

ನಾನು ಹೇಳುತ್ತಿರುವುದು 1943ರ ‘ಕಿಸ್ಮತ್’ ಬಗ್ಗೆ. ಬಾಂಬೆ ಟಾಕೀಸ್ ತೆಗೆದದ್ದು, ನಿರ್ದೇಶಕ ಗ್ಯಾನ್ ಮುಖರ್ಜಿ, ನಾಯಕ ಅಶೋಕ್ ಕುಮಾರ್. ಕಲ್ಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಅದು ಮಾಡಿದ ದಾಖಲೆ ಮುರಿಯಲು ‘ಶೋಲೆ’ಯೇ ಬರಬೇಕಾಯಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ.

ಮೊದಲು ಆ ಊರಿನ ಸ್ಥಿತಿ ನೋಡಿ. 1942ರ ಮಾರ್ಚಿನಲ್ಲಿ ಬರ್ಮಾದ ರಂಗೂನ್ ಜಪಾನಿಗಳ ಕೈಗೆ ಹೋಯಿತು. ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾಯಿತು, ಗಾಂಧಿ, ನೆಹರೂ ಎಲ್ಲ ಜೈಲು ಸೇರಿದರು. ಡಿಸೆಂಬರಿನಲ್ಲಿ ಕಲ್ಕತ್ತೆಯ ಮೇಲೇ ಜಪಾನಿನ ಬಾಂಬು ಬಿತ್ತು. ಮರುವರ್ಷ ಬಂಗಾಳದ ಬರಗಾಲ. ಹಳ್ಳಿಗಳಿಂದ ಬಂದವರು ಕಲ್ಕತ್ತೆಯ ಫುಟ್‌ಪಾತಿನ ಮೇಲೆ ಗಂಜಿಗಾಗಿ ಕೈಚಾಚಿ ಸತ್ತರು. ಸತ್ತವರು ಸುಮಾರು 30 ಲಕ್ಷ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹಸಿದು ಸತ್ತವರೂ ರಾಕ್ಸಿಯಲ್ಲಿ ಕೂತವರೂ ಬೇರೆ ಬೇರೆ ಜನ. ಯುದ್ಧದಿಂದ ನಗರದಲ್ಲಿ ದುಡ್ಡು ಓಡಾಡುತ್ತಿತ್ತು. ಕಾರ್ಖಾನೆಗಳಲ್ಲಿ ಕೆಲಸ ಇತ್ತು, ಮಿಲಿಟರಿ ಕಂಟ್ರಾಕ್ಟು ಹಿಡಿದವರು ಚೆನ್ನಾಗಿಯೇ ಮಾಡಿಕೊಂಡರು. ಕೈಯಲ್ಲಿ ಕಾಸಿದೆ, ಆದರೆ ಅಂಗಡಿಗೆ ಹೋದರೆ ಸಾಮಾನಿಲ್ಲ, ಬಟ್ಟೆಯಿಲ್ಲ. ಸುಲಭಕ್ಕೆ ಸಿಗುತ್ತಿದ್ದ ಕೆಲವೇ ವಸ್ತುಗಳಲ್ಲಿ ಸಿನಿಮಾ ಟಿಕೆಟ್ ಒಂದು. ಅತ್ತ ಕಚ್ಚಾ ಫಿಲಂ ಹೊರದೇಶದಿಂದ ಬರಬೇಕಿತ್ತು, 1943ರಲ್ಲಿ ಸರ್ಕಾರ ಅದಕ್ಕೂ ಲೈಸೆನ್ಸ್ ಹಾಕಿತು. ಹೊಸ ಸಿನಿಮಾ ತೆಗೆಯುವುದು ಸುಲಭ ಇರಲಿಲ್ಲ. ಹಾಗಾಗಿ ಓಡುತ್ತಿರುವ ಸಿನಿಮಾವನ್ನು ತೆಗೆಯುವ ಅವಸರ ಥಿಯೇಟರಿನವರಿಗೂ ಇರಲಿಲ್ಲ ಅನ್ನುವುದು ನನ್ನ ಊಹೆ.

ಇದು ವ್ಯಾಪಾರದ ಲೆಕ್ಕ. ಇನ್ನು ಆ ಸಿನಿಮಾದ ಒಂದು ಹಾಡಿಗೆ ಬರೋಣ.

ಕವಿ ಪ್ರದೀಪ್ ಬರೆದ, ಅನಿಲ್ ಬಿಸ್ವಾಸ್ ರಾಗ ಹಾಕಿದ ‘ದೂರ್ ಹಟೋ ಏ ದುನಿಯಾವಾಲೋ, ಹಿಂದೂಸ್ತಾನ್ ಹಮಾರಾ ಹೈ’. ದೂರ ಸರೀರಪ್ಪಾ, ಹಿಂದೂಸ್ತಾನ ನಮ್ಮದು ಅಂತ. ಕಥೆಯಲ್ಲಿ ಅದು ನಾಟಕದ ಸ್ಟೇಜಿನ ಮೇಲೆ ನಡೆಯುವ ಹಾಡು. ತಾಜ್ ಮಹಲು, ಕುತುಬ್ ಮಿನಾರು, ಮಂದಿರ, ಮಸೀದಿ, ಗುರುದ್ವಾರ ಎಲ್ಲ ಅದರಲ್ಲಿ ಬರುತ್ತವೆ. ನಾಯಕರೆಲ್ಲ ಜೈಲಿನಲ್ಲಿರುವಾಗ ಇಂಥ ಹಾಡು ಬ್ರಿಟಿಷರ ಸೆನ್ಸಾರಿನ ಕೈಯಿಂದ ಹೇಗೆ ಪಾರಾಯಿತು?

ಒಂದೇ ಒಂದು ಸಾಲಿನಿಂದ. ‘ಯಾರ ಮುಂದೆಯೂ ತಲೆ ಬಾಗಬೇಡಿ, ಜರ್ಮನ್ ಆಗಲಿ ಜಪಾನಿ ಆಗಲಿ’ ಎಂಬ ಅರ್ಥದ ಸಾಲು ಅದರಲ್ಲಿದೆ. ಜರ್ಮನಿ, ಜಪಾನ್ ಬ್ರಿಟಿಷರ ಶತ್ರುಗಳು. ಕಾಗದದ ಮೇಲೆ ಓದಿದರೆ ಇದು ಯುದ್ಧ ಪ್ರಚಾರದ ಹಾಡು, ಸರ್ಕಾರಕ್ಕೆ ಬೇಕಾದದ್ದೇ! ಬೇಡ ಅನ್ನಲು ಸೆನ್ಸಾರಿಗೆ ಕಾರಣವೇ ಇಲ್ಲ. ಆದರೆ ಥಿಯೇಟರಿನಲ್ಲಿ ಕೂತವನಿಗೆ ದೂರ ಸರಿಯಬೇಕಾದವರು ಯಾರು ಅಂತ ಬಿಡಿಸಿ ಹೇಳಬೇಕಿತ್ತೇ? ಹಾಡು ಮುಗಿದ ಮೇಲೆ ಜನ ‘ಒನ್ಸ್ ಮೋರ್’ ಅಂತ ಕೂಗಿ ರೀಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸುತ್ತಿದ್ದರು ಎಂದು ಹೇಳುತ್ತಾರೆ. ನಿಜ ಸಂಗತಿ ಸರ್ಕಾರಕ್ಕೆ ತಡವಾಗಿ ಅರ್ಥವಾಗಿ, ಬಂಧನ ತಪ್ಪಿಸಿಕೊಳ್ಳಲು ಪ್ರದೀಪ್ ತಲೆಮರೆಸಿಕೊಳ್ಳಬೇಕಾಯಿತು ಅನ್ನುವ ಮಾತೂ ಇದೆ. (ಚೀನಾ ಯುದ್ಧ ಮುಗಿದ ಮೇಲೆ, 1963ರ ಜನವರಿಯಲ್ಲಿ, ನೆಹರೂ ಎದುರು ಲತಾ ಹಾಡಿದ ‘ಏ ಮೇರೆ ವತನ್ ಕೆ ಲೋಗೋ’ ಬರೆದವರೂ ಇವರೇ.)

ಇನ್ನೊಂದು ತಮಾಷೆ ಗಮನಿಸಿ. 1943ರಿಂದ ಥಿಯೇಟರಿನವರು ಮುಖ್ಯ ಸಿನಿಮಾಗೆ ಮುಂಚೆ ಸರ್ಕಾರದ ಯುದ್ಧ ಪ್ರಚಾರದ ಚಿತ್ರ, ನ್ಯೂಸ್‌ರೀಲ್ ಹಾಕಲೇಬೇಕು ಅಂತ ಕಾನೂನು ಬಂತು. ಅಂದರೆ ಜನ ಮೊದಲು ಸರ್ಕಾರದ ಮಾತು ಕೇಳಬೇಕು, ಅದೇ ಪರದೆಯ ಮೇಲೆ ಆಮೇಲೆ ‘ದೂರ್ ಹಟೋ’. ಬೀದಿಯಲ್ಲಿ ಕೂಗಿದರೆ ಲಾಠಿ ಬೀಳುತ್ತಿದ್ದ ಮಾತಿಗೆ ಇಲ್ಲಿ ಟಿಕೆಟ್ ಕೊಂಡು, ಕತ್ತಲಲ್ಲಿ ಕೂತು, ನೂರಾರು ಜನರ ಜೊತೆ ಚಪ್ಪಾಳೆ ತಟ್ಟಬಹುದಿತ್ತು. ಇದನ್ನು ಕಷ್ಟ ಮರೆಯುವುದು ಅನ್ನುತ್ತೀರಾ?

ಆ ಹಾಡಿನ ಹೆಣ್ಣುದನಿ ನಮ್ಮವರದ್ದು. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಜೊತೆಗೆ ಹಾಡಿದವರು ಖಾನ್ ಮಸ್ತಾನಾ. ಅಮೀರ್‌ಬಾಯಿಯ ಅಕ್ಕ ಗೋಹರ್‌ಬಾಯಿಯೂ ದೊಡ್ಡ ಗಾಯಕಿ, ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಸರು ಮಾಡಿದವರು. ‘ಕಿಸ್ಮತ್’ ನಾಯಕಿ ಮುಮ್ತಾಜ್ ಶಾಂತಿ ಪರದೆಯ ಮೇಲೆ ಬಾಯಾಡಿಸಿದರು, ದನಿ ಕೊಟ್ಟದ್ದು ಅಮೀರ್‌ಬಾಯಿ. ಅದೇ ಸಿನಿಮಾದಲ್ಲಿ ಅವರದ್ದೇ ಇನ್ನೊಂದು ಹಾಡಿದೆ, ‘ಘರ್ ಘರ್ ಮೇ ದಿವಾಲೀ ಹೈ’. ಮನೆಮನೆಯಲ್ಲೂ ದೀಪಾವಳಿ, ನನ್ನ ಮನೆಯಲ್ಲಿ ಮಾತ್ರ ಕತ್ತಲೆ. ಬಾಂಬಿಗೆ ಹೆದರಿ ದೀಪ ಮುಚ್ಚಿಡುತ್ತಿದ್ದ ಊರಿನಲ್ಲಿ ಈ ಸಾಲು ಕೇಳಿಸಿದ್ದನ್ನು ಊಹಿಸಿಕೊಳ್ಳಿ. ಬರೆದವರು ಬ್ಲ್ಯಾಕ್‌ಔಟ್ ಯೋಚಿಸಿ ಬರೆದರೋ ಇಲ್ಲವೋ, ಕೇಳುವವರಿಗೆ ಅದು ನೆನಪಾಗದೆ ಇರುತ್ತದೆಯೇ?

ಆದರೂ ಹಾಡಿನಿಂದಲೇ ಮೂರು ವರ್ಷ ಓಡಿತು ಅಂದರೆ ನಾನು ನಂಬುವುದಿಲ್ಲ. ಕಥೆ ನೋಡಿ. ಅಶೋಕ್ ಕುಮಾರ್ ಇಲ್ಲಿ ಶೇಖರ್ ಎಂಬ ಜೇಬುಗಳ್ಳ. ಜೈಲಿನಿಂದ ಆಗಷ್ಟೇ ಹೊರಬಂದವನು. ಬಾಯಲ್ಲಿ ಸಿಗರೇಟು, ಪೊಲೀಸರ ಎದುರೂ ಗತ್ತು. ಕಾಲು ಊನವಾದ ನಾಯಕಿ ರಾಣಿಯ ಆಪರೇಷನ್‌ಗೆ ಹಣ ಹೊಂದಿಸಲು ಕಳ್ಳತನ ಮಾಡುತ್ತಾನೆ. ಕೊನೆಗೆ ಕೈಯ ಮೇಲಿನ ಹಚ್ಚೆಯಿಂದ ಗೊತ್ತಾಗುತ್ತದೆ, ಅವನು ಸಾಹುಕಾರನೊಬ್ಬನ ಕಳೆದುಹೋದ ಮಗ ಅಂತ. ಅದುವರೆಗೆ ನಮ್ಮ ನಾಯಕರು ಹೆಚ್ಚಾಗಿ ಸಜ್ಜನರು, ತ್ಯಾಗಿಗಳು. ಇವನು ಕಳ್ಳ, ಆದರೂ ನಾಯಕ. ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಬಾಬೂರಾವ್ ಪಟೇಲ್ ಅಪರಾಧವನ್ನು ಚಂದ ಮಾಡಿ ತೋರಿಸಿದ್ದಾರೆ ಅಂತ ಸಿಡಿಮಿಡಿಗೊಂಡರು. ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾಕೆ ಹಾಕಿಕೊಳ್ಳಬೇಕಿತ್ತು? ಅಕ್ಕಿ ಬಚ್ಚಿಟ್ಟು ಕಾಳಸಂತೆಯಲ್ಲಿ ಮಾರಿದವರು ಮರ್ಯಾದಸ್ಥರಾಗಿ ಓಡಾಡುತ್ತಿದ್ದ ಕಾಲ. ನಿಯಮ ಪಾಲಿಸಿದವನು ಕ್ಯೂನಲ್ಲಿ ನಿಂತು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಅಂಥವನಿಗೆ ಒಳ್ಳೆ ಮನಸ್ಸಿನ ಕಳ್ಳನ ಮೇಲೆ ಕೋಪ ಬರುವುದಿಲ್ಲ, ಸಲಿಗೆ ಬರುತ್ತದೆ. ಇನ್ನು ಕಳೆದುಹೋದ ಮಗ ಸಿಗುವ ಕಥೆ. ಸಂಸಾರಗಳು ಚೆಲ್ಲಾಪಿಲ್ಲಿಯಾಗಿದ್ದವು. ಬರ್ಮಾದಿಂದ ನಡೆದು ಬಂದವರು, ಫ್ರಂಟಿಗೆ ಹೋದವರು, ಹಳ್ಳಿ ಬಿಟ್ಟವರು. ಆಮೇಲೆ ಹಿಂದಿ ಸಿನಿಮಾದವರು ಈ ಸೂತ್ರವನ್ನು ಎಷ್ಟು ಅರೆದರೆಂದರೆ ಈಗ ಹಚ್ಚೆ, ಮಚ್ಚೆ ಕಂಡರೇ ನಗು ಬರುತ್ತದೆ. 1943ರಲ್ಲಿ ಅದನ್ನು ನೋಡಿ ಅತ್ತವರನ್ನು ನಾನಂತೂ ಹಾಸ್ಯ ಮಾಡಲಾರೆ.

ಈಗ ನೋಡಿದರೆ ಹಿಡಿಸುತ್ತಾ? ದ್ವಿತೀಯಾರ್ಧ ಸ್ವಲ್ಪ ಎಳೆದಂತಾಗುತ್ತದೆ, ನಿಜ. ಅಶೋಕ್ ಕುಮಾರ್ ಮಾತ್ರ ಇವತ್ತಿಗೂ ಹಳೆಯದಾಗಿಲ್ಲ. ಸುತ್ತಲಿನವರು ನಾಟಕದ ಧಾಟಿಯಲ್ಲಿ ಮಾತಾಡುತ್ತಿದ್ದರೆ ಇವರು ಪಕ್ಕದ ಕುರ್ಚಿಯವನ ಹತ್ತಿರ ಹರಟುವಂತೆ ಸುಮ್ನೆ ಮಾತಾಡುತ್ತಾರೆ. ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಮೊದಲ ಭಾಗವನ್ನಾದರೂ ನೋಡಿ, ‘ದೂರ್ ಹಟೋ’ ಬರುವುದು ಅಲ್ಲೇ.