ಕಂದಕದ ನಡುವಿನ ತಿಟ್ಟು ನಿಜಕ್ಕೂ ಎತ್ತರ ಇದೆಯಾ?

ಇಂಗ್ಲೆಂಡಿನ ಮಧ್ಯಯುಗದ ಕಂದಕದ ಮನೆಗಳ (ಸುತ್ತ ಕಂದಕ ತೋಡಿ, ನಡುವಿನ ತಿಟ್ಟಿನ ಮೇಲೆ ಕಟ್ಟಿದ ಮನೆಗಳ) ಬಗ್ಗೆ ಓದುತ್ತಿರುವವರಿಗೆ ಈ ಟಿಪ್ಪಣಿ.

ಹಿನ್ನೆಲೆ ಚಿಕ್ಕದಾಗಿ: ಇಂಥ ಜಾಗಗಳು ಸುಮಾರು 6,000 ಇವೆ. ಹೆಚ್ಚಿನವನ್ನು ತೋಡಿದ್ದು 1250ರಿಂದ 1350ರ ನಡುವೆ. ಎಸೆಕ್ಸ್, ಸಫೋಕ್‌ನಂಥ ಜೇಡಿಮಣ್ಣಿನ ಸೀಮೆಯಲ್ಲಿ ಜಾಸ್ತಿ, ಅಲ್ಲಿ ನೀರು ಇಂಗದೆ ನಿಲ್ಲುತ್ತದಲ್ವಾ. ಶತ್ರುಗಳ ಭಯಕ್ಕಿಂತ ದೊಡ್ಡಸ್ತಿಕೆ ತೋರಿಸಲು ತೋಡಿಸಿದವರೇ ಹೆಚ್ಚು. ಕಾರ್ನ್‌ವಾಲ್‌ನ ಪೆನ್‌ಹಾಲಮ್‌ನಲ್ಲಿ ಅಗೆದಿರುವುದರಿಂದ ಮನೆಯ ಅಡಿಪಾಯವೇ ಕಾಣುತ್ತದೆ. ಅಗೆಯದ ಕಡೆ ಮಣ್ಣಿನ ಏರಿಳಿತವೇ ಗತಿ: ಹುಲ್ಲು ಬೆಳೆದ ಕಂದಕ, ನಡುವೆ ತಿಟ್ಟು, ಒಂದು ಕಡೆ ದಾಟುದಾರಿ, ಪಕ್ಕದಲ್ಲಿ ಮೀನುಕೊಳದ ತಗ್ಗು.

ಈಗ ತಲೆ ತಿನ್ನುವ ಭಾಗ. ಇಂಗ್ಲೆಂಡಿನ ಸರ್ಕಾರಿ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿಯ 1 ಮೀಟರ್ ಲೈಡಾರ್ (ವಿಮಾನದಿಂದ ಲೇಸರ್ ಹಾಯಿಸಿ, ಮೀಟರಿಗೊಂದರಂತೆ ನೆಲದ ಎತ್ತರ ಅಳೆದ ಮಾಹಿತಿ) ಉಚಿತವಾಗಿ ಸಿಗುತ್ತದೆ. ಅದರ ಹಿಲ್‌ಶೇಡ್ ಚಿತ್ರದಲ್ಲಿ, ಅಂದರೆ ಏರಿಳಿತ ಕಾಣಲೆಂದು ಕಂಪ್ಯೂಟರ್ ನೆರಳು ಬೆಳಕು ಹಾಕಿದ ಚಿತ್ರದಲ್ಲಿ, ಬೆಳಕು ಸಾಮಾನ್ಯವಾಗಿ ವಾಯವ್ಯದಿಂದ, ಅಂದರೆ ಎಡ ಮೇಲ್ಮೂಲೆಯಿಂದ ಬೀಳುತ್ತದೆ. ನಡುವಿನ ತಿಟ್ಟು ಉಬ್ಬಿ ನಿಂತಂತೆ ಕಾಣುತ್ತದೆ. ತಕ್ಷಣ ನಂಬಬೇಡಿ.

ಯಾಕೆ? ತಿಟ್ಟಿನ ಅಂಚಿನಿಂದ ಕಂದಕಕ್ಕೆ ಇಳಿಯುವ ಇಳಿಜಾರನ್ನು ನೋಡಿ. ಉತ್ತರ, ಪಶ್ಚಿಮ ಬದಿಗಳಲ್ಲಿ ಅದು ಬೆಳಕಿಗೆ ಮುಖ ಮಾಡಿರುತ್ತದೆ, ಹೊಳೆಯುತ್ತದೆ. ದಕ್ಷಿಣ, ಪೂರ್ವದಲ್ಲಿ ಬೆನ್ನು ಮಾಡಿರುತ್ತದೆ, ಕಪ್ಪಾಗುತ್ತದೆ. ಒಂದು ಕಡೆ ಹೊಳಪು, ಎದುರು ಕಡೆ ನೆರಳು. ಕಣ್ಣು ಅದನ್ನು ದಿಬ್ಬ ಅಂತಲೇ ಓದುತ್ತದೆ. ಆದರೆ ತಿಟ್ಟು ಹೊರಗಿನ ಹೊಲದ ಮಟ್ಟಕ್ಕೇ ಇದ್ದರೂ ಚಿತ್ರ ಹೀಗೇ ಬರುತ್ತದೆ! ಕಂದಕ ಸುತ್ತ ಇದ್ದರೆ ಸಾಕು. ಹಾಗಾಗಿ ಹೊಳಪು, ನೆರಳು ಬಿಡಿ, ಲೈಡಾರ್ ಮೇಲೆ ಹೊಲದಿಂದ ತಿಟ್ಟಿನವರೆಗೆ ಅಡ್ಡ ಗೆರೆ ಎಳೆದು ಎತ್ತರದ ಅಂಕಿ ಓದಿ. ಹೊಲ ಎಷ್ಟು, ತಿಟ್ಟು ಎಷ್ಟು, ಅಷ್ಟೇ ಹೋಲಿಸಿ. ಹೊಲವೇ ವಾಲಿದ್ದರೆ ಎರಡೂ ಕಡೆಯ ಅಂಕಿ ತೆಗೆದುಕೊಳ್ಳಿ.

ಇದಕ್ಕೆ ಜೊತೆಯಾಗಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ತಿಟ್ಟು 60 ಮೀಟರ್ ಚೌಕ, ಕಂದಕ 10 ಮೀಟರ್ ಅಗಲ ಅಂತಿಟ್ಟುಕೊಳ್ಳಿ. 80×80ರಲ್ಲಿ 60×60 ಕಳೆದರೆ ಕಂದಕದ ವಿಸ್ತಾರ 2,800 ಚದರ ಮೀಟರ್. ಸರಾಸರಿ ಆಳ 1 ಮೀಟರ್ ಆದರೆ ತೆಗೆದ ಮಣ್ಣು 2,800 ಘನ ಮೀಟರ್. ಅದನ್ನೆಲ್ಲ ತಿಟ್ಟಿನ 3,600 ಚದರ ಮೀಟರಿಗೆ ಹರಡಿದರೆ ಸುಮಾರು 78 ಸೆಂಟಿಮೀಟರ್ ಏರಬೇಕು. ಲೈಡಾರ್‌ನಲ್ಲಿ ಹೊಲಕ್ಕೂ ತಿಟ್ಟಿಗೂ ಸಿಕ್ಕ ವ್ಯತ್ಯಾಸ ಅದರ ಹತ್ತಿರ ಬಂದರೆ ಮಣ್ಣು ಒಳಗೆ ಹೋಗಿದೆ ಅನ್ನಬಹುದು. ಬರೀ 10 ಸೆಂಟಿಮೀಟರ್ ಬಂದರೆ ಉಳಿದ ಮಣ್ಣನ್ನು ಹುಡುಕಬೇಕು. ಮೊದಲು ಕಂದಕದ ಹೊರ ಅಂಚಿನ ಏರಿ ನೋಡಿ, ಆಮೇಲೆ ಮೀನುಕೊಳದ ಏರಿ.

ಒಂದು ಎಚ್ಚರ: ಶತಮಾನಗಳಿಂದ ಹೂಳು ತುಂಬಿದೆ. ಇವತ್ತಿನ ಆಳ ಹಾಕಿದರೆ ಮಣ್ಣಿನ ಲೆಕ್ಕ ಕಡಿಮೆಯೇ ಬರುತ್ತದೆ.