ಲಾಬಿ ಮಾಡಲಿ, ಯಾರ ಪರ ಅಂತ ಹೇಳಿ ಮಾಡಲಿ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಆರನೇ ಸಲ ಬಂದದ್ದು 2024ರ ಜುಲೈ 31ಕ್ಕೆ, ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಕರಡು ಬಂದಾಗಲೆಲ್ಲ ಕೊಡಗಿನಲ್ಲಿ ಒಂದಷ್ಟು ‘ಅಂತೆ’ಗಳು ಓಡಾಡುತ್ತವೆ. ಮನೆ ಕಟ್ಟುವಂತಿಲ್ಲವಂತೆ, ತೋಟ ಮಾರುವಂತಿಲ್ಲವಂತೆ. ಈ ಅಂತೆಗಳಿಗೆ ಅಪ್ಪ ಅಮ್ಮ ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಒಂದು ಮಾತು. ಲಾಬಿ ಬೇರೆ, ವಶೀಲಿ ಬೇರೆ. ನಮ್ಮ ಕಷ್ಟ ಇದು ಅಂತ ಹೋಗಿ ಸರ್ಕಾರಕ್ಕೆ ಹೇಳುವುದು ತಪ್ಪೇನಲ್ಲ. ಕಾಫಿ ಬೆಳೆಗಾರರು ಮಾಡಿದ್ದೂ ಅದನ್ನೇ ಅಲ್ವಾ? ದಕ್ಷಿಣ ಭಾರತದ ಪ್ಲಾಂಟರ್‌ಗಳ ಒಕ್ಕೂಟ ಉಪಾಸಿ ಹುಟ್ಟಿದ್ದು 1893ರಲ್ಲಿ. ಆಮೇಲೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಬೆಳೆ ಒಟ್ಟುಹಾಕಿ ಮಂಡಳಿಯೇ ಮಾರುವ ರಾಶಿಗೇ, ಸುರಿಯಬೇಕಿದ್ದ ಕಾಲ ಬಂತು. ಅದರಿಂದ ಬಿಡಿಸಿ ಅಂತ ಬೆಳೆಗಾರರು ವರ್ಷಗಟ್ಟಲೆ ಕೇಳಿದರು, 1996ರ ಹೊತ್ತಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಅದು ಲಾಬಿಯೇ. ಆದರೆ ಮನವಿ ಪತ್ರದ ಕೆಳಗೆ ಸಂಘದ ಹೆಸರಿತ್ತು, ಅಧ್ಯಕ್ಷರ ಸಹಿ ಇತ್ತು. ಯಾರ ಲಾಭಕ್ಕೆ ಕೇಳುತ್ತಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕ, ಆ ಕಸುಬಿನ ನೀತಿಯೂ ಶುರುವಾದದ್ದು ಇಲ್ಲಿಂದಲೇ. 1906ರಲ್ಲಿ ಅಮೆರಿಕದ ಪಿಆರ್ ಸಲಹೆಗಾರ ಐವಿ ಲೀ, ನಾವು ಯಾರ ಪರ ಕೆಲಸ ಮಾಡುತ್ತೇವೆ ಅನ್ನೋದನ್ನು ಮುಚ್ಚಿಡುವುದಿಲ್ಲ ಅಂತ ಪತ್ರಿಕೆಗಳಿಗೆ ಬರೆದುಕೊಟ್ಟ. (ಮುಂದೆ ಜರ್ಮನಿಯ ಕಂಪನಿಯೊಂದಕ್ಕೆ ಸಲಹೆ ಕೊಟ್ಟು ಅವನೇ ಸಿಕ್ಕಿಬಿದ್ದ, ಅದು ಬೇರೆ ಕತೆ.) 1965ರಲ್ಲಿ ಪಿಆರ್‌ನವರ ಅಂತರರಾಷ್ಟ್ರೀಯ ನೀತಿ ನಿಯಮ, ಅಥೆನ್ಸ್ ಸಂಹಿತೆ ಬಂತು, 1968ರಲ್ಲಿ ನಮ್ಮ ದೇಶದ ಪಿಆರ್ ಸೊಸೈಟಿ ಅದನ್ನು ಒಪ್ಪಿಕೊಂಡಿತು. ಆದರೆ ಸಂಹಿತೆ ಅಂದರೆ ಕಾನೂನಲ್ಲ. ಅಮೆರಿಕದಲ್ಲಿ ಲಾಬಿಗಾರರು ತಾವು ಯಾರ ಪರ, ಪಡೆದ ಹಣ ಎಷ್ಟು ಅಂತ ಬರೆದುಕೊಡಬೇಕೆಂದು 1995ರ ಕಾನೂನು ಹೇಳುತ್ತದೆ. ನಮ್ಮಲ್ಲಿ 2010ರಲ್ಲಿ ಲಾಬಿಗಾರ್ತಿ ನೀರಾ ರಾಡಿಯಾ ಫೋನ್ ಟೇಪುಗಳು ಹೊರಬಿದ್ದ ಗಲಾಟೆಯ ನಂತರವೂ ಅಂಥದ್ದು ಬರಲಿಲ್ಲ.

ಈಗ ಘಟ್ಟಕ್ಕೆ ಬರೋಣ, ಗೋಜಲು ಜಾಸ್ತಿಯಾದದ್ದು ಇಲ್ಲೇ. ಘಟ್ಟವನ್ನು ಹೇಗೆ ಉಳಿಸಬೇಕು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಅನ್ನೋದು ಗಾಡ್ಗೀಳರ ಆಸೆಯಾಗಿತ್ತು. ಆದರೆ ವರದಿ ತಿಂಗಳುಗಟ್ಟಲೆ ಹೊರಗೇ ಬರಲಿಲ್ಲ, ಮಾಹಿತಿ ಹಕ್ಕಿನ ಜಗಳ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2012ರ ಮೇ ತಿಂಗಳಲ್ಲಿ ಬಂತು, ಅದೂ ಇಂಗ್ಲಿಷಿನಲ್ಲಿ. ಅದೇ ವರ್ಷ ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಕಾಡುಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯಿಂದ ಇನ್ನೊಂದು ವರದಿ ಬಂತು, 2014ರಿಂದ ಕರಡುಗಳು. ಊರಿನವರ ಕೈಗೆ ವರದಿ ಬರುವ ಮೊದಲೇ ವರದಿಯ ಮೇಲಿನ ಭಯ ಬಂದಿತ್ತು.

ಕರಡಿನಲ್ಲಿ ಇರುವುದೇನು? ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ, ಅಂದರೆ ಹೆಚ್ಚು ಮಾಲಿನ್ಯ ಮಾಡುವ, ಹೊಸ ಕಾರ್ಖಾನೆ ಬೇಡ. 20,000 ಚದರ ಮೀಟರಿಗೂ ಮೇಲ್ಪಟ್ಟ ಕಟ್ಟಡ ಬೇಡ. ಇರುವ ಮನೆಯ ರಿಪೇರಿಗೆ, ಜಾಗದ ಮಾರಾಟಕ್ಕೆ ಅಡ್ಡಿಯಿಲ್ಲ. ಇಪ್ಪತ್ತು ಸಾವಿರ ಚದರ ಮೀಟರ್ ಅಂದರೆ ಸುಮಾರು ಐದು ಎಕರೆಯಷ್ಟು ನೆಲಹಾಸು. ಅಷ್ಟು ದೊಡ್ಡ ಮನೆ ಕಟ್ಟುವ ಸಣ್ಣ ಬೆಳೆಗಾರ ನನಗಂತೂ ಗೊತ್ತಿಲ್ಲ. ಹಾಗಂತ ಜನರ ಭಯವೆಲ್ಲ ಸುಳ್ಳಲ್ಲ. ಕಾಡು, ಬಾಣೆ (ಗದ್ದೆಗೆ ಸೇರಿದ ಮರಗಾಡು), ಪೈಸಾರಿಯ (ಸರ್ಕಾರಿ ಜಾಗ) ದಾಖಲೆಗಾಗಿ ಕಚೇರಿ ಅಲೆದವನಿಗೆ ಇನ್ನೊಂದು ಕಾಗದ ಅಂದರೆ ಎದೆ ಧಸಕ್ ಅನ್ನುತ್ತದೆ. ಆ ನಿಜವಾದ ಭಯದ ಬೆನ್ನ ಮೇಲೆ ಕೂತು, ದೊಡ್ಡ ಕಟ್ಟಡ, ದೊಡ್ಡ ಕ್ವಾರಿಯ ಲೆಕ್ಕಾಚಾರವೂ ಸುಮ್ನೆ ನದಿ ದಾಟಿಬಿಡುತ್ತದೆ.

ಒಂದು ತಮಾಷೆ ನೋಡಿ. ಹೋಂಸ್ಟೇಯಲ್ಲಿ ಪುಕ್ಕಟೆ ಎರಡು ದಿನ ಉಳಿದು ರೀಲ್ಸ್ ಹಾಕುವವರು ಅದು ಜಾಹೀರಾತು ಅಂತ ಬರೆಯಬೇಕು, ಜಾಹೀರಾತು ಮಂಡಳಿ 2021ರಲ್ಲೇ ಹೇಳಿದೆ. ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಡುತ್ತಾರಲ್ಲ, ಆಗ ಪತ್ರಿಕಾಗೋಷ್ಠಿ ಕರೆಯುವವರು, ದೆಹಲಿಗೆ ನಿಯೋಗ ಒಯ್ಯುವವರು, ವಿಮಾನದ ಟಿಕೆಟ್ ಕೊಡಿಸಿದ್ದು ಯಾರು ಅಂತ ಎಲ್ಲೂ ಬರೆಯಬೇಕಾಗಿಲ್ಲ.