ನಮ್ಮ ಗೇಮ್ ರೆಡಿ ಇದೆ, ಎಕ್ಸಿಬಿಷನ್‌ಗೆ ಇನ್ನೇನು ತಯಾರಿ ಬೇಕು?

ಪ್ರಶ್ನೆ: ನಾವು ನಾಲ್ವರು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇವೆ. ನಮ್ಮೂರ ಕೋಟೆಯನ್ನೇ ಇಟ್ಟುಕೊಂಡು ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ (ಗೇಮ್ ತಯಾರಿಸುವ ಸಾಫ್ಟ್‌ವೇರ್) ಒಂದು ಗೇಮ್ ಮಾಡಿದ್ದೇವೆ. ಐದು ಲೆವೆಲ್ ಇವೆ. ಮುಂದಿನ ತಿಂಗಳು ಕಾಲೇಜಿನ ಎಕ್ಸಿಬಿಷನ್‌ಗೆ ಶಾಲೆ ಮಕ್ಕಳು, ಪೋಷಕರು, ಊರಿನವರು ಬರುತ್ತಾರೆ. ಸ್ಟಾಲ್‌ಗೆ ಬೇರೆ ತಯಾರಿ ಬೇಕಾಗುತ್ತದಾ?

ಉತ್ತರ: ಬೇಕು. ಮನೆಯಲ್ಲಿ ಕೂತು ಆಡುವ ಗೇಮ್ ನಿಮ್ಮ ಹತ್ತಿರ ಇದೆ. ಸ್ಟಾಲ್‌ಗೆ ಅದರದೇ ಒಂದು ಬೇರೆ ಬಿಲ್ಡ್, ಅಂದರೆ ನೇರವಾಗಿ ಓಡಿಸಬಹುದಾದ ಆವೃತ್ತಿ, ಮಾಡಿ.

ಸ್ಟಾಲ್‌ಗೆ ಬರುವವರು ನಿಂತುಕೊಂಡೇ ಆಡುತ್ತಾರೆ. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ಎರಡು ಮೂರು ನಿಮಿಷದಲ್ಲಿ ಆಟ ಶುರುವಾಗಿ, ಮಜಾ ಬಂದು, ಮುಗಿಯಬೇಕು. ಐದು ಲೆವೆಲ್ ತೋರಿಸುವ ಆಸೆ ಬಿಡಿ. ಯಾವ ಲೆವೆಲ್ ಚೆನ್ನಾಗಿದೆಯೋ ಅದೊಂದೇ ಸಾಕು, ಅದು ಮೂರನೆಯದಾದರೂ ಸರಿ. ಕಥೆ ಹೇಳುವ ಶುರುವಿನ ದೃಶ್ಯ ತೆಗೆದುಬಿಡಿ.

1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಟೆನಿಸ್ ಆಟ ಮಾಡಿದ್ದರು. ಲ್ಯಾಬ್ ನೋಡಲು ಬರುವ ಜನರಿಗೆ ಬೇಜಾರಾಗಬಾರದು ಅಂತಲೇ ಮಾಡಿದ್ದು ಅದು. ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಉಪಕರಣದ ಐದು ಇಂಚಿನ ಪರದೆ, ಕೈಯಲ್ಲಿ ಒಂದು ಗುಂಡಿ, ತಿರುಗಿಸುವ ಒಂದು ನಾಬ್, ಅಷ್ಟೇ. ಜನ ಸಾಲು ಹಚ್ಚಿ ಆಡಿದರು. ವಿಡಿಯೊ ಗೇಮ್‌ಗಳ ಚರಿತ್ರೆಯ ಮೊದಲ ಪುಟಗಳಲ್ಲೇ ಇರುವ ಈ ಆಟ ಹುಟ್ಟಿದ್ದೇ ಇಂಥ ಪ್ರದರ್ಶನಕ್ಕೆ. ನಿಮ್ಮ ಸ್ಟಾಲ್ ಬಿಲ್ಡ್‌ನಲ್ಲೂ ಆ್ಯರೋ ಕೀ ಮತ್ತು ಸ್ಪೇಸ್ ಬಾರ್ ಬಿಟ್ಟು ಬೇರೇನೂ ಬೇಡ ಅಂತ ನನ್ನ ಅಭಿಪ್ರಾಯ. ಓಡುವುದಕ್ಕೆ ಶಿಫ್ಟ್ ಕೊಟ್ಟಿದ್ದರೆ ಮೊದಲು ಬದಲಿಸಿ. ಶಿಫ್ಟ್ ಐದು ಸಲ ಒತ್ತಿದರೆ ವಿಂಡೋಸ್ 'ಸ್ಟಿಕಿ ಕೀಸ್' ಬಾಕ್ಸ್ ತೆರೆದು ಆಟಕ್ಕೆ ಅಡ್ಡ ನಿಲ್ಲುತ್ತದೆ.

ಒಬ್ಬ ಹುಡುಗ ಅರ್ಧ ಆಡಿ ಬಿಟ್ಟುಹೋಗುತ್ತಾನೆ ಅಂದುಕೊಳ್ಳಿ. ಮುಂದೆ ಬಂದವರಿಗೆ ಸತ್ತುಬಿದ್ದ ಪಾತ್ರ ಕಾಣಿಸಬಾರದು ಅಲ್ವಾ? ಅರ್ಧ ನಿಮಿಷ ಯಾವ ಕೀಯನ್ನೂ ಒತ್ತದಿದ್ದರೆ ಆಟ ತಾನಾಗಿಯೇ ಮೊದಲ ಪರದೆಗೆ ಹೋಗಲಿ. ಇದಕ್ಕೆ ಬೇಕಾದ ಕೋಡ್ ಹತ್ತು ಹನ್ನೆರಡು ಸಾಲು. ಮೆನುವಿನಿಂದ 'ಕ್ವಿಟ್' ಬಟನ್ ತೆಗೆಯಿರಿ. ಮಕ್ಕಳು ಅದನ್ನೇ ಹುಡುಕಿ ಒತ್ತುತ್ತಾರೆ.

ಈಗ ಕನ್ನಡದ ವಿಚಾರ. ಆಟದೊಳಗಿನ ಸೂಚನೆ ಕನ್ನಡದಲ್ಲಿದ್ದರೆ ಇವತ್ತೇ ಪರದೆ ನೋಡಿ. ಪರದೆ ಮೇಲೆ ಅಕ್ಷರ ಮೂಡಿಸುವ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. 'ಕಲ್ಲು' ಅಂತ ಬರೆದರೆ ಲ ಒತ್ತು ಕೆಳಗೆ ಇಳಿಯುವ ಬದಲು ಪಕ್ಕದಲ್ಲೇ ನಿಲ್ಲುತ್ತದೆ. ಫಾಂಟ್ ಬದಲಿಸಿದರೆ ಇದು ಹೋಗುವುದಿಲ್ಲ. ತಪ್ಪು ಫಾಂಟಿನದಲ್ಲ, ಅಕ್ಷರ ಜೋಡಿಸುವ ಕೆಲಸವೇ ಅಲ್ಲಿ ನಡೆಯುತ್ತಿಲ್ಲ. ಗೊಡೊ 4 ಎಂಬ ಇನ್ನೊಂದು ಗೇಮ್ ಎಂಜಿನ್‌ನಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿ (ಸಿದ್ಧ ಕೋಡ್) ಆ ಕೆಲಸ ಮಾಡುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಆದರೆ ಒಂದು ತಿಂಗಳಿರುವಾಗ ಎಂಜಿನ್ ಬದಲಿಸುವ ಸಾಹಸ ಬೇಡ. ಸ್ಟಾಲ್ ಬಿಲ್ಡ್‌ನಲ್ಲಿ ಹೆಚ್ಚೆಂದರೆ ಎಂಟು ಹತ್ತು ವಾಕ್ಯ ಇರುತ್ತವೆ. ಅವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಬರೆದು ಚಿತ್ರವಾಗಿ ಸೇರಿಸಿ. ಎರಡೂ ಪುಕ್ಕಟೆ ಸಿಗುತ್ತವೆ. ನಮ್ಮ ಕಡೆ ಉರ್ದು, ಮರಾಠಿ, ತೆಲುಗು ಮನೆಮಾತಿನವರೂ ಬರುತ್ತಾರೆ. ಹಾಗಾಗಿ ಕೀಗಳ ಚಿತ್ರವನ್ನೂ ಪಕ್ಕದಲ್ಲಿ ಹಾಕಿ.

ಕೋಟೆ ನಿಮ್ಮದೇ ಊರಿನದು ಅನ್ನುವುದು ದೊಡ್ಡ ಅನುಕೂಲ, ಸ್ವಲ್ಪ ಅಪಾಯ ಕೂಡ. ನೋಡಲು ಬರುವವರಲ್ಲಿ ಕೋಟೆಯೊಳಗೆ ಓಡಾಡಿ ಬೆಳೆದವರು ಇರುತ್ತಾರೆ. ಅಲ್ಲಿನ ಜಾಮಾ ಮಸೀದಿ 1367ರದು, ಅದಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಚಾವಣಿ ಇದೆ. ಬೇರೆ ಮಸೀದಿಯ ರೆಡಿ ಮಾಡೆಲ್ ತಂದು ಅಂಗಳ ತೋರಿಸಿದ್ದರೆ ಅವರು ಅಲ್ಲೇ ಹಿಡಿಯುತ್ತಾರೆ. ಇನ್ನೊಂದು ಮಾತು, ಹೊಡೆದಾಟದ ಲೆವೆಲ್ ಪ್ರಾರ್ಥನೆಯ ಜಾಗದೊಳಗೆ ಬೇಡ. ಬುರುಜಿನ ಮೇಲೆ ಇಡಿ, ತೋಪೂ ಅಲ್ಲೇ ಇದೆಯಲ್ಲ.

ಪರೀಕ್ಷೆ ಮಾಡುವುದು ಹೇಗೆ? ಗೇಮ್ ಅಂದರೆ ಏನೆಂದೇ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ. ಹಾಸ್ಟೆಲ್ ಮೆಸ್‌ನವರಾದರೂ ಆಗಬಹುದು, ಚಿಕ್ಕಮ್ಮನಾದರೂ ಆಗಬಹುದು. ನೀವು ಬಾಯಿ ಬಿಡಬಾರದು. "ಇದು ಹ್ಯಾಂಗ ಆಡಬೇಕು?" ಅಂತ ಅವರು ಕೇಳಿದರೂ ಸುಮ್ನೆ ಇರಿ. ಎಲ್ಲಿ ಸಿಕ್ಕಿಬಿದ್ದರು ಅನ್ನುವುದನ್ನು ಬರೆದುಕೊಳ್ಳಿ. ನಾಲ್ಕೈದು ಜನ ಒಂದೇ ಕಡೆ ಸಿಕ್ಕಿಬಿದ್ದರೆ ತಿದ್ದಬೇಕಾದದ್ದು ಆ ಜಾಗ. ನಿಮಗೆ ಕಷ್ಟ ಅನ್ನಿಸಿದ ಲೆವೆಲ್ ಹೊಸಬರಿಗೆ ಅಸಾಧ್ಯ ಅಂತ ಲೆಕ್ಕ ಹಿಡಿಯಿರಿ.

ಮಷೀನ್ ವಿಷಯ ಬೇಗ ಮುಗಿಸುತ್ತೇನೆ. ಸ್ಟಾಲ್‌ನಲ್ಲಿ ಇಡುವ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡಿ. ಲ್ಯಾಬಿನ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ನೆರಳು, ಹೊಗೆ ಎಲ್ಲ ಕಡಿಮೆ ಮಾಡಬೇಕಾಗುತ್ತದೆ. ಚಲನೆಯ ಕೋಡ್‌ನಲ್ಲಿ ಡೆಲ್ಟಾ ಟೈಮ್ (ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಹಿಡಿದ ಸಮಯ) ಬಳಸಿಲ್ಲವಾದರೆ ಅಲ್ಲಿ ಪಾತ್ರ ತೆವಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟರೂ ಚಾರ್ಜರ್ ಹಾಕಿಯೇ ಇರಲಿ, ಬ್ಯಾಟರಿ ಮೇಲೆ ಅದರ ವೇಗ ಇಳಿಯುತ್ತದೆ. ಬೇಸಿಗೆಯಾದರೆ ನಮ್ಮ ಬಿಸಿಲು ಗೊತ್ತಲ್ಲ, ಲ್ಯಾಪ್‌ಟಾಪ್ ಕಾದು ಇನ್ನೂ ನಿಧಾನವಾಗುತ್ತದೆ. ಫ್ಯಾನ್ ಕೆಳಗೆ ಜಾಗ ಕೇಳಿ. ವಿಂಡೋಸ್ ಅಪ್‌ಡೇಟ್ ಮೊದಲೇ ಮುಗಿಸಿ, ಸ್ಲೀಪ್ ಆಫ್ ಮಾಡಿ. ಬಿಲ್ಡ್‌ನ ಇನ್ನೊಂದು ಕಾಪಿ ಪೆನ್‌ಡ್ರೈವ್‌ನಲ್ಲಿರಲಿ. ಆಟ ಆಡಿದ ಒಂದು ವಿಡಿಯೊ ಫೋನ್‌ನಲ್ಲಿರಲಿ, ಕರೆಂಟ್ ಹೋದರೆ ಅದನ್ನಾದರೂ ತೋರಿಸಬಹುದು. ಸಿನಿಮಾ ಹಾಡು ಹಾಕಿದ್ದರೆ ತೆಗೆದು, ಉಚಿತ ಲೈಸೆನ್ಸ್ ಇರುವ ಸಂಗೀತ ಹಾಕಿ.

ಕೊನೆಗೆ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಗೇಮ್ ಮಾಡಿದ್ರ ನೌಕರಿ ಸಿಗ್ತದೇನು?" ಇದಕ್ಕೆ ಭಾಷಣ ಬೇಡ. ನಾಲ್ವರಲ್ಲಿ ಯಾರು ಏನು ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿ: ಕೋಡ್ ಯಾರದು, ಕೋಟೆಯ ಮಾಡೆಲ್ ಯಾರದು, ಸದ್ದು ಯಾರದು. ಕೇಳಿದವರಿಗೆ ಅದನ್ನು ತೋರಿಸಿ, ನಿಮ್ಮ ಭಾಗದ ಕೆಲಸ ಅರ್ಧ ನಿಮಿಷದಲ್ಲಿ ವಿವರಿಸಿ. ಮಾರ್ಕ್ಸ್ ಹಾಕಲು ಬರುವ ಸರ್, ಮೇಡಂ ಕೂಡ ಕೇಳುವುದು ಇದನ್ನೇ.